ಕೊಲೆಗಾರ ಸಿಕ್ಕಿಬೀಳುವ ಮೊದಲು ಲೇಖಕ ಸಿಕ್ಕಿಬೀಳಬಾರದು

ಪ್ರಶ್ನೆ: ನಾನು ಕುಮಟಾ ತಾಲೂಕಿನ ಹಳ್ಳಿಯವ. ಸಹಕಾರಿ ಸಂಘವೊಂದರಲ್ಲಿ ಗುಮಾಸ್ತ. ಮೂರು ವರ್ಷ ಕೂತು ಒಂದು ಪತ್ತೇದಾರಿ ಕಾದಂಬರಿ ಬರೆದಿದ್ದೇನೆ. 2023ರ ಶಿರಸಿ ಜಾತ್ರೆಯಲ್ಲಿ ಅಡಿಕೆ ವ್ಯಾಪಾರಿಯೊಬ್ಬನ ಕೊಲೆ. ನಾಲ್ಕು ತಿಂಗಳ ನಂತರ ಕಾರವಾರದ ಕಡಲಲ್ಲಿ ಎರಡನೇ ಹೆಣ. ಇಬ್ಬರು ಪ್ರಕಾಶಕರಿಗೆ ಕಳಿಸಿದೆ, ಎಂಟು ತಿಂಗಳಾದರೂ ಉತ್ತರ ಇಲ್ಲ. ಈಗ ಒಂದು ಸಂಸ್ಥೆಯವರು 85,000 ರೂಪಾಯಿ ಕೊಟ್ಟರೆ 240 ಪುಟದ ಪುಸ್ತಕ, 1000 ಪ್ರತಿ, ಐಎಸ್‌ಬಿಎನ್, ಬಿಡುಗಡೆ ಎಲ್ಲ ನಾವೇ ನೋಡಿಕೊಳ್ಳುತ್ತೇವೆ, ಮೇ ತಿಂಗಳಲ್ಲಿ ಪುಸ್ತಕ ಕೈಗೆ ಕೊಡುತ್ತೇವೆ ಎನ್ನುತ್ತಿದ್ದಾರೆ. ಇವರಿಗೆ ಕೊಡಲೋ, ನಾನೇ ಪ್ರಕಟಿಸಲೋ, ಇನ್ನೂ ಕಾಯಲೋ? ಮೊದಲ ಮೂರು ಅಧ್ಯಾಯ ಮತ್ತು ಕಥೆಯ ಸಾರ ಕಳಿಸಿದ್ದೇನೆ. ಕೊಲೆಗಾರನ ಹೆಸರನ್ನು ಮಾತ್ರ ಸಾರದಲ್ಲಿ ಬರೆದಿಲ್ಲ.

ಉತ್ತರ: ಕೊಲೆಗಾರನ ಹೆಸರು ಬರೆಯದೇ ಇದ್ದದ್ದು ಒಳ್ಳೆಯದೇ ಆಯಿತು. ಅದರ ಮಾತು ಕೊನೆಗೆ ಆಡುತ್ತೇನೆ. ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ.

85,000ಕ್ಕೆ 1000 ಪ್ರತಿ ಅಂದರೆ ಪ್ರತಿಗೆ 85 ರೂಪಾಯಿ. ಬೆಲೆ 250 ಇಟ್ಟಿರಿ ಅಂತಿಟ್ಟುಕೊಳ್ಳಿ. ಅಂಗಡಿಯವರಿಗೆ, ವಿತರಕರಿಗೆ 40 ಪರ್ಸೆಂಟ್ ಹೋದರೆ ನಿಮ್ಮ ಕೈಗೆ 150. ಹಾಕಿದ ದುಡ್ಡು ವಾಪಸ್ ಬರುವುದಕ್ಕೇ 567 ಪ್ರತಿ ಖರ್ಚಾಗಬೇಕು. ಹೊಸಬರ ಪುಸ್ತಕಕ್ಕೆ ಅಂಗಡಿಯವರು ಮುಂಗಡ ದುಡ್ಡು ಕೊಡುವುದಿಲ್ಲ. "ಒಂದ್ ಹತ್ತು ಇಟ್ಟು ಹೋಗಿ, ಖರ್ಚಾದರೆ ನೋಡೋಣ" ಅನ್ನುತ್ತಾರೆ. ಕಾರವಾರದಲ್ಲಿ ಹತ್ತು, ಹುಬ್ಬಳ್ಳಿಯಲ್ಲಿ ಇಪ್ಪತ್ತು ಇಟ್ಟು ಬಂದಿರಿ. ಆರು ತಿಂಗಳ ಮೇಲೆ ಲೆಕ್ಕ ಕೇಳಲು ಹೋಗುವ ಬಸ್ ಚಾರ್ಜು ಯಾರು ಕೊಡುತ್ತಾರೆ? ಇಂಥ ಹೊತ್ತಿಗೆ ಯಾರಾದರೂ ಹಳೇ ಕಾದಂಬರಿಕಾರ ಗಳಗನಾಥರ ಹೆಸರು ಹೇಳಿ, ಅವರು ಪುಸ್ತಕ ಹೊತ್ತು ಊರೂರು ಸುತ್ತಲಿಲ್ಲವೇ ಎಂದು ನಿಮ್ಮನ್ನು ಉಬ್ಬಿಸುತ್ತಾರೆ. ಅವರಿಗೆ ನಿಮ್ಮ ಹಾಗೆ ಸೋಮವಾರ ಸೊಸೈಟಿ ಬಾಗಿಲು ತೆಗೆಯುವ ಕೆಲಸ ಇರಲಿಲ್ಲ.

ಆ ಸಂಸ್ಥೆ ಹೇಳುವ ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆ ದೊಡ್ಡ ಸೇವೆಯೇನಲ್ಲ. ನಮ್ಮ ದೇಶದಲ್ಲಿ ಆ ಸಂಖ್ಯೆ ಕೊಡುವುದು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ, ಕೇಂದ್ರ ಸರಕಾರದ್ದು. ಆನ್‌ಲೈನ್ ಅರ್ಜಿ, ಶುಲ್ಕ ಇಲ್ಲ. ಲೇಖಕರೇ ತಮ್ಮ ಹೆಸರಿನಲ್ಲಿ ಪಡೆಯಬಹುದು. ಅವರ ಮೂಲಕ ಪಡೆದರೆ ದಾಖಲೆಯಲ್ಲಿ ಪ್ರಕಾಶಕರು ಅವರೇ ಆಗುತ್ತಾರೆ. ದುಡ್ಡು ನಿಮ್ಮದು, ಹೆಸರು ಅವರದು.

ಅದಕ್ಕಿಂತ ಮುಖ್ಯವಾದದ್ದು ಕರಾರು ಪತ್ರ. ಅದರಲ್ಲಿ "ಎಲ್ಲ ಹಕ್ಕುಗಳು" ಎಂಬ ಮಾತು ಎಲ್ಲಿದೆ ನೋಡಿ. ಪತ್ತೇದಾರಿ ಕಥೆಗೆ ಆಡಿಯೊ, ವೆಬ್ ಸರಣಿ, ಸಿನಿಮಾದವರು ಯಾವತ್ತೋ ಒಂದು ದಿನ ಬಾಗಿಲು ತಟ್ಟಬಹುದು. ಹಕ್ಕು ವರ್ಗಾಯಿಸುವ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಪಿರೈಟ್ ಕಾಯ್ದೆ ಅದನ್ನು 5 ವರ್ಷ ಎಂದು ಹಿಡಿಯುತ್ತದೆ. ಆದರೆ ಬರೆಸಿಕೊಳ್ಳುವವರು ಜಾಣರು, "ಕಾಪಿರೈಟ್ ಅವಧಿ ಪೂರ್ತಿ" ಎಂದೇ ಬರೆಸುತ್ತಾರೆ. ಅಂದರೆ ನೀವು ಬದುಕಿರುವಷ್ಟು ದಿನ, ಆಮೇಲೆ 60 ವರ್ಷ. ನಿಮ್ಮದೇ ದುಡ್ಡು ಕೊಟ್ಟು ನಿಮ್ಮ ಮೊಮ್ಮಕ್ಕಳ ಹಕ್ಕು ಬರೆದುಕೊಡುವುದು ಯಾವ ಲೆಕ್ಕ ಮಾರಾಯ್ರೇ?

ಹಾಗಾದರೆ ನೀವೇ ಪ್ರಕಟಿಸಿ. ಆದರೆ 1000 ಪ್ರತಿ ಬೇಡ, ಮೇ ತಿಂಗಳಂತೂ ಬೇಡವೇ ಬೇಡ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಮೊದಲ ಪತ್ತೇದಾರಿ ಪುಸ್ತಕವೂ 1000 ಪ್ರತಿ, ಅದೂ ಮೇ ಕೊನೆಯ ವಾರ ಬಂತು. ಶಿರಸಿ ಹತ್ತಿರದ ನಮ್ಮ ಹೆಂಚಿನ ಮನೆ. ಬಂಡಲ್‌ಗಳನ್ನು ಅಟ್ಟಕ್ಕೆ ಹಾಕಿದೆ. ಜೂನ್ ಮೊದಲ ವಾರ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡಲಿಲ್ಲ. ಗಣೇಶ ಚೌತಿಗೆ ಮಾಟೊಳಿ (ಗಣಪತಿಯ ಮೇಲೆ ಕಟ್ಟುವ ಹಣ್ಣುಕಾಯಿಯ ಚಪ್ಪರ) ಸಾಮಾನು ತೆಗೆಯಲು ಅಟ್ಟ ಹತ್ತಿದಾಗ ವಾಸನೆ ಬಂತು. ಕೆಳಗಿನ ಸಾಲಿಗೆ ಗೆದ್ದಲು, ಮೇಲಿನ ಸಾಲಿಗೆ ಬೂಷ್ಟು. ನಡುವೆ ಉಳಿದವುಗಳ ಬೆನ್ನಿನ ಗೋಂದು ಬಿಟ್ಟು, ತೆರೆದರೆ ಹಾಳೆ ಉದುರುತ್ತಿತ್ತು. ಕೊಲೆಗಾರ ಯಾರೆಂದು ಹೇಳುವ ಕೊನೆಯ ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಒಂದೇ ಕಳಚಿ ಬಿದ್ದ ಪ್ರತಿಗಳೂ ಇದ್ದವು. ಮುನ್ನೂರಕ್ಕೂ ಜಾಸ್ತಿ ಪುಸ್ತಕ ಬಚ್ಚಲೊಲೆಗೆ ಹೋದವು. ಹೆಂಡತಿ ಏನೂ ಅನ್ನಲಿಲ್ಲ. ಬಿಸಿನೀರು ಮಾತ್ರ ಆ ವಾರ ಚೆನ್ನಾಗಿ ಕಾಯುತ್ತಿತ್ತು.

ಈಗ ಡಿಜಿಟಲ್ ಮುದ್ರಣ ಇದೆ. 100 ಪ್ರತಿಯನ್ನೂ ಮಾಡಿಕೊಡುತ್ತಾರೆ. ಪ್ರತಿಗೆ ಖರ್ಚು ಜಾಸ್ತಿ ಬೀಳುತ್ತದೆ, ನಿಜ. ಆದರೆ ಒಟ್ಟು ದುಡ್ಡು ಕಡಿಮೆ, ಮತ್ತೆ ತಪ್ಪು ಸಿಕ್ಕರೆ ಮುಂದಿನ 100ರಲ್ಲಿ ತಿದ್ದಬಹುದು. ಮೊದಲ ಕಾದಂಬರಿಯಲ್ಲಿ ತಪ್ಪು ಸಿಕ್ಕೇ ಸಿಗುತ್ತದೆ. ಮಳೆ ಕಳೆದ ಮೇಲೆ, ದೀಪಾವಳಿ ಹೊತ್ತಿಗೆ 150 ಪ್ರತಿ ಮಾಡಿಸಿ. ಅವು ಖರ್ಚಾದರೆ, ಹೆಚ್ಚು ಪ್ರತಿಗೆ ಹೊಂದುವ ಆಫ್‌ಸೆಟ್‌ನಲ್ಲಿ 500 ಮಾಡಿಸುವ ಯೋಚನೆ ಮಾಡಿ. ಮಾಮೂಲಿ ಕಾದಂಬರಿಯ ಡೆಮಿ 1/8 ಅಳತೆ, 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ ಸಾಕು. ಆಫ್‌ಸೆಟ್‌ಗೆ ಹೋದಾಗ ಬರೀ ಗೋಂದಿನ ಬೈಂಡಿಂಗ್ ಬೇಡ, ಹೊಲಿಗೆ ಹಾಕಿಸಿ, ನಮ್ಮ ಹವೆಗೆ ಅದೇ ಸರಿ. ಒಂದು ಫಾರಂ ಅಂದರೆ 16 ಪುಟ. ನಿಮ್ಮ 240 ಪುಟ ಸರಿಯಾಗಿ 15 ಫಾರಂ. ಕೊನೇ ಗಳಿಗೆಯಲ್ಲಿ ಒಂದು ಅರ್ಪಣೆ, ಎರಡು ಕೃತಜ್ಞತೆ ಸೇರಿಸಿ 243 ಮಾಡಿದಿರೋ, ಖಾಲಿ ಹಾಳೆಗೂ ದುಡ್ಡು ಕೊಡುತ್ತೀರಿ.

ಇನ್ನು ನಿಮ್ಮ ಕಥೆಗೆ ಬರುತ್ತೇನೆ. ನನಗೆ ಹೆಚ್ಚು ಚಿಂತೆ ಇರುವುದು ಇಲ್ಲಿ. ಪ್ರಕಾಶಕರ ಮೂಲಕ ಹೋದರೆ ಒಬ್ಬರಾದರೂ "ಇದು ಆಗೂದಿಲ್ಲ" ಎನ್ನುವವರು ಸಿಗುತ್ತಾರೆ. ಸ್ವಂತ ಪ್ರಕಟಿಸುವವನಿಗೆ ಆ ಅಡ್ಡಬಾಯಿ ಇಲ್ಲ. ಪತ್ತೇದಾರಿ ಕಥೆಯ ಓದುಗ ಬೇರೆ ಜಾತಿಯವ. ಸಾಮಾಜಿಕ ಕಾದಂಬರಿಯಲ್ಲಿ ವಾರ ತಪ್ಪಾದರೆ ಯಾರೂ ಕೇಳುವುದಿಲ್ಲ. ಇಲ್ಲಿ ಅವನು ಮೊದಲ ಪುಟದಿಂದ ಲೆಕ್ಕ ಇಡುತ್ತಾ ಬರುತ್ತಾನೆ, ನೀವು ಗುಟ್ಟು ಬಿಡಿಸುವ ಮೊದಲು ತಾನು ಬಿಡಿಸಬೇಕೆಂದು. ನಿಮ್ಮ ಸುಳಿವು ಯಾವುದು, ನಿಮ್ಮ ತಪ್ಪು ಯಾವುದು ಎಂದು ಅವನಿಗೆ ಬೇರೆ ಮಾಡಲು ಬರುವುದಿಲ್ಲ. ತಪ್ಪನ್ನೇ ಸುಳಿವು ಎಂದುಕೊಂಡು ನೂರು ಪುಟ ಓದಿ, ಕೊನೆಗೆ ಅದು ಬರೀ ತಪ್ಪು ಎಂದು ಗೊತ್ತಾದರೆ ಪುಸ್ತಕ ಬಿಸಾಡುತ್ತಾನೆ.

ನೋಡಿ, ಮೊದಲ ಸಾಲಿನಲ್ಲೇ 2023ರ ಜಾತ್ರೆ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. 2022ರಲ್ಲಿ ಆಯಿತು, 2024ರಲ್ಲಿ ಆಯಿತು. 2023ರಲ್ಲಿ ಜಾತ್ರೆ ನಡೆಯುವ ಬಿಡಕಿ ಬೈಲಿನಲ್ಲಿ ದೇವಿಯ ಗದ್ದುಗೆಯೂ ಇಲ್ಲ, ತೊಟ್ಟಿಲೂ ಇಲ್ಲ. ಇದು ನಿಮಗೆ ಗೊತ್ತಿಲ್ಲದ ವಿಷಯ ಅಲ್ಲವೇ ಅಲ್ಲ. ನನ್ನ ಅಂದಾಜು, ಮೊದಲು 2022 ಅಂತ ಬರೆದು ಆಮೇಲೆ ಇನ್ಯಾವುದಕ್ಕೋ ವರ್ಷ ಮುಂದೂಡಿದ್ದೀರಿ.

ಈಗ 2024ಕ್ಕೆ ಸರಿಸೋಣ ಅನ್ನಿಸುತ್ತದೆ. ಸರಿಸಿ ನೋಡಿ, ಏನೇನು ಮೈಮೇಲೆ ಬರುತ್ತದೆ. ಮೊದಲ ಕೊಲೆ ಮಾರ್ಚ್‌ನಲ್ಲಿ, ಅದಕ್ಕೆ ಹಳೇ ಭಾರತೀಯ ದಂಡ ಸಂಹಿತೆ, ಅಂದರೆ ಐಪಿಸಿ 302. ಎರಡನೆಯದು ಜುಲೈಯಲ್ಲಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು, ಕೊಲೆ 103ನೇ ಕಲಮಿಗೆ ಹೋಯಿತು. ಒಂದೇ ಕಾದಂಬರಿಯ ಎರಡು ಹೆಣಕ್ಕೆ ಎರಡು ಕಾನೂನು. ನಿಮ್ಮ ಇನ್ಸ್‌ಪೆಕ್ಟರ್ ಜುಲೈ ಮೂರನೇ ವಾರ ರಾತ್ರೋರಾತ್ರಿ ಕುಮಟಾದಿಂದ ಕಾರವಾರಕ್ಕೆ ಜೀಪಿನಲ್ಲಿ ಹೋಗುತ್ತಾರೆ. ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತ್ತು. ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆಯೇ ಕುಸಿಯಿತು. ನಿಮ್ಮ ನಾಯಕ ಅದೇ ವಾರ ಸೇತುವೆಯಾಚೆಯ ಸದಾಶಿವಗಡಕ್ಕೆ ಓಡಾಡುತ್ತಿರುತ್ತಾನೆ. ಇದನ್ನೆಲ್ಲ ಕಥೆಗೆ ಬಳಸಿಕೊಳ್ಳುವ ಶಕ್ತಿ ಇದ್ದವರು ಬಳಸಿಕೊಳ್ಳಬಹುದು. ಆದರೆ ಶಿರೂರಿನಲ್ಲಿ ಜೀವ ಕಳೆದುಕೊಂಡವರ ಮನೆಗಳು ಇಲ್ಲೇ ಇವೆ. ಹೆಣ ಮುಚ್ಚಿಡಲು ಅನುಕೂಲ ಎಂದು ಆ ಮಣ್ಣನ್ನು ಕಥೆಗೆ ತರುವುದು ನನಗಂತೂ ಸರಿ ಕಾಣುವುದಿಲ್ಲ. 2022ಕ್ಕೇ ವಾಪಸ್ ಹೋಗಿ. ಪೂರ್ತಿ ಐಪಿಸಿ, ರಸ್ತೆ, ಸೇತುವೆ ಎಲ್ಲ ನೆಟ್ಟಗೆ.

ಆದರೂ ಜುಲೈ ಜುಲೈಯೇ. ನಿಮ್ಮ ಸಾರದಲ್ಲಿ ಟ್ರಾಲ್ ಬೋಟಿನಿಂದ ಹೆಣ ಎಸೆಯುತ್ತಾರೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ಬೋಟುಗಳೆಲ್ಲ ಬಂದರಿನಲ್ಲಿ ಸಾಲಾಗಿ ಕಟ್ಟಿರುತ್ತವೆ. ನನ್ನ ಪುಸ್ತಕದಲ್ಲೂ ಇದೇ ತಪ್ಪು ಇತ್ತು. ತದಡಿಯ ಬೋಟಿನವರೊಬ್ಬರು ಫೋನ್ ಮಾಡಿದರು. ಬೈಯಲಿಲ್ಲ. "ಸರಾ, ಆ ಬೋಟಿಗೆ ಡೀಸೆಲ್ ಯಾರು ಕೊಟ್ರು?" ಅಂತ ಒಂದೇ ಮಾತು ಕೇಳಿದರು. ನಿಮಗೆ ಜುಲೈಯೇ ಬೇಕಾದರೆ ನಾಡದೋಣಿ ತನ್ನಿ, ಅದಕ್ಕೆ ವಿನಾಯಿತಿ ಇದೆ. ಆಗ ಕಥೆ ಇನ್ನೂ ಬಿಗಿಯಾಗುತ್ತದೆ. ಆ ಅಬ್ಬರದ ಕಡಲಿಗೆ ದೋಣಿ ಇಳಿಸುವ ಎದೆಗಾರಿಕೆ ಊರಿನಲ್ಲಿ ಎಷ್ಟು ಜನಕ್ಕೆ ಇರುತ್ತದೆ? ಅನುಮಾನದ ಪಟ್ಟಿ ತಾನಾಗಿಯೇ ಸಣ್ಣದಾಗುತ್ತದೆ.

ಆ ಹೆಣ ನಿಮ್ಮ ಕಥೆಯಲ್ಲಿ ಉತ್ತರಕ್ಕೆ ತೇಲಿ ಮಾಜಾಳಿಯಲ್ಲಿ ಸಿಗುತ್ತದೆ. ಮಳೆಗಾಲದಲ್ಲಿ ಈ ಕಡಲಿನ ಹರಿವು ಸಾಮಾನ್ಯವಾಗಿ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ. ದಕ್ಷಿಣದ ಅಂಕೋಲಾ ಕಡೆ ಸಿಗುವಂತೆ ಮಾಡಿ. ಇಲ್ಲದಿದ್ದರೆ ಓದುಗ, ಹೆಣವನ್ನು ಯಾರೋ ತಂದು ಹಾಕಿದ್ದಾರೆ ಎಂದು ನೀವು ಬರೆಯದ ಕಥೆಯೊಂದನ್ನು ಕಟ್ಟಿಕೊಳ್ಳುತ್ತಾನೆ. (ಅದು ನಿಮ್ಮ ಕಥೆಗಿಂತ ಚೆನ್ನಾಗಿದ್ದರೆ ಕದ್ದುಬಿಡಿ.) ದೋಣಿಯನ್ನು ಅರಗಾ ಕಡೆಗೆ ಮಾತ್ರ ಒಯ್ಯಬೇಡಿ. ಅಲ್ಲಿ ನೌಕಾನೆಲೆ ಇದೆ, ಸುಮ್ನೆ ಹೋಗಿ ಬರುವ ಜಾಗ ಅಲ್ಲ.

ಮೊದಲ ಕೊಲೆಯ ವಿಷವೂ ನಡೆಯುವುದಿಲ್ಲ. ಕಷಾಯದಲ್ಲಿ ಮೈಲುತುತ್ತ ಬೆರೆಸಿದ್ದು ವ್ಯಾಪಾರಿಗೆ ಗೊತ್ತೇ ಆಗಲಿಲ್ಲ ಎಂದು ಬರೆದಿದ್ದೀರಿ. ಅಡಿಕೆಗೆ ಬೋರ್ಡೋ (ಕೊಳೆರೋಗ ತಡೆಯುವ ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಪ್ರತಿ ಮನೆಯಲ್ಲೂ ಆ ನೀಲಿ ಹರಳು ನೋಡಿದವರಿದ್ದಾರೆ. ಬಾಯಿಗಿಟ್ಟರೆ ತಾಮ್ರದ ಕೆಟ್ಟ ರುಚಿ, ತಕ್ಷಣ ವಾಂತಿ. ಅಡಿಕೆ ವ್ಯಾಪಾರಿ ಅದನ್ನು ಗುರುತಿಸದೆ ಲೋಟ ಖಾಲಿ ಮಾಡಿದ ಅಂದರೆ ಶಿರಸಿಯಲ್ಲಿ ಒಬ್ಬರೂ ನಂಬುವುದಿಲ್ಲ.

ಕೊನೆಯಲ್ಲಿ ಕೊಲೆಗಾರ ಠಾಣೆಯಲ್ಲಿ ತಪ್ಪೊಪ್ಪಿಕೊಂಡ, ಕೇಸು ಮುಗಿಯಿತು ಎಂದಿದೆ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷಿಯಾಗುವುದಿಲ್ಲ. ಹಳೇ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಹಾಗೇ ಹೇಳುತ್ತಿತ್ತು, ಹೊಸ ಕಾಯ್ದೆಯಲ್ಲಿ ಅದು 23ಕ್ಕೆ ಬಂದಿದೆ. ಅವನು ಠಾಣೆಯಲ್ಲಿ ಹೇಳಲಿ ಬೇಕಾದರೆ, ಆದರೆ ಬೇರೆ ಪುರಾವೆ ಬೇಕು. ಹಾಗೆಯೇ ಕೊನೆಯ ಅಧ್ಯಾಯದ ಮೇಲ್ಮನವಿ ಬೆಂಗಳೂರಿಗೆ ಹೋಗುವುದಿಲ್ಲ. ನಮ್ಮ ಜಿಲ್ಲೆ ಧಾರವಾಡ ಪೀಠಕ್ಕೆ ಸೇರಿದ್ದು.

ಇವೆಲ್ಲ ನನಗೆ ಮೂರು ಅಧ್ಯಾಯ, ಎರಡು ಪುಟದ ಸಾರದಲ್ಲೇ ಸಿಕ್ಕವು. ಉಳಿದ ಪುಟಗಳಲ್ಲಿ ಇರುವುದನ್ನು ಹುಡುಕಲು ನಾಲ್ಕು ಜನ ಬೇಕು. ಸಾಹಿತಿಗಳು ಬೇಡ. ಬಂದರಿನಲ್ಲಿ ಕೆಲಸ ಮಾಡುವ ಒಬ್ಬರು, ನಿವೃತ್ತ ಪೊಲೀಸ್ ಒಬ್ಬರು, ಕೋರ್ಟಿಗೆ ಓಡಾಡುವ ಕಿರಿಯ ವಕೀಲರೊಬ್ಬರು, ಮತ್ತೆ ಪತ್ತೇದಾರಿ ಪುಸ್ತಕ ಸಿಕ್ಕಿದ್ದೆಲ್ಲ ಓದುವ ಒಬ್ಬ ಹುಚ್ಚ. ಮನೆಯವರು "ಚಲೋ ಆಯ್ದು" ಅನ್ನುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾಲ್ಕನೆಯವರಿಗೆ ಒಂದು ಕೆಲಸ ಕೊಡಿ. ಪ್ರತಿ ಅಧ್ಯಾಯ ಮುಗಿದಾಗ ಕೊಲೆಗಾರ ಯಾರೆಂದು ಅನುಮಾನ ಬಂದಿದೆಯೋ ಆ ಹೆಸರು ಅಂಚಿನಲ್ಲಿ ಬರೆಯಲಿ. ಒಂದೇ ಹೆಸರು ಕೊನೆವರೆಗೆ ಬಂದರೂ ಕಷ್ಟ, ಕೊಲೆಗಾರನ ಹೆಸರು ಒಮ್ಮೆಯೂ ಬರದಿದ್ದರೂ ಕಷ್ಟ. ಆ ಸಂಸ್ಥೆಗೆ ಕೊಡಬೇಕೆಂದಿದ್ದ 85,000ದಲ್ಲಿ ಒಂದು ಪಾಲು ಸಂಪಾದಕರಿಗೆ, ಒಂದು ಪಾಲು ಪ್ರೂಫ್ ನೋಡುವವರಿಗೆ ಎತ್ತಿಡಿ. ಮುಖಪುಟಕ್ಕಿಂತ ಮೊದಲು.

ಪ್ರೂಫ್ ಅಂದೆ. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ತಿರುಗಿಸಿದಾಗ, ಅಥವಾ ಅಲ್ಲಿಂದ ಇಲ್ಲಿಗೆ ತಿರುಗಿಸಿದಾಗ, ಅರ್ಕಾವತ್ತು, ಒತ್ತಕ್ಷರ ಜಾಗ ಬಿಟ್ಟು ಕೂರುತ್ತವೆ. ಅದು ಕಣ್ಣಿಗೆ ಬೀಳುತ್ತದೆ. ಬೀಳದೇ ಇರುವುದು ಬೇರೆ. ನಮ್ಮ ಕೀಲಿಮಣೆಯಲ್ಲಿ ಲ ಮತ್ತು ಳ ಒಂದೇ ಕೀಲಿ, ಶಿಫ್ಟ್ ಒತ್ತಿದರೆ ಇದು, ಬಿಟ್ಟರೆ ಅದು. ನನ್ನ ಪುಸ್ತಕದ ಒಂಬತ್ತನೇ ಅಧ್ಯಾಯದ ಹೆಸರು "ಕೊಲೆಯ ಮೂಲ" ಎಂದಿರಬೇಕಿತ್ತು, "ಕೊಳೆಯ ಮೂಲ" ಎಂದು ಅಚ್ಚಾಯಿತು. ಎರಡೂ ಸರಿಯಾದ ಶಬ್ದ, ಯಾವ ಸ್ಪೆಲ್‌ಚೆಕ್ಕೂ ಹಿಡಿಯುವುದಿಲ್ಲ. ಕೊಳೆರೋಗಕ್ಕೆ ಔಷಧಿ ಯಾವಾಗ ಹೊಡೆದಿದ್ದಿರಿ ಎಂದು ನಮ್ಮ ಕಡೆ ತೋಟದವರು ಇವತ್ತಿಗೂ ಕೇಳುತ್ತಾರೆ. ಇನ್ನೊಂದು: ಪಾತ್ರದ ಹೆಸರನ್ನು ಒಂದೇ ಏಟಿಗೆ ಬದಲಾಯಿಸಬೇಡಿ. ಪರಿಚಯದ ಲೇಖಕರೊಬ್ಬರು ರಾಮನನ್ನು ಗಣಪತಿ ಮಾಡಿದರು. ಇಡೀ ಪುಸ್ತಕದಲ್ಲಿ ಜನ ಎದುರಾದಾಗಲೆಲ್ಲ "ಆಗಣಪತಿ ಇದ್ದೀರಾ?" ಎಂದು ಕೇಳುತ್ತಾರೆ. ಕೊನೆಯ ಪ್ರೂಫ್ ಕಾಗದದ ಮೇಲೇ ನೋಡಿ, ಅದೂ ಕೊನೆಯ ಅಧ್ಯಾಯದಿಂದ ಮೊದಲನೆಯದರ ಕಡೆಗೆ.

ಮುನ್ನುಡಿ ಬೇಡ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಮ್ಮಲ್ಲಿ ಹಿರಿಯರ ಕೈಲಿ ಮುನ್ನುಡಿ ಬರೆಸುವ ಪದ್ಧತಿ. ಅವರು ಪ್ರೀತಿಯಿಂದ ಇಡೀ ಕಥೆ ಹೇಳಿ, "ಕೊನೆಗೆ ಅಳಿಯನೇ ಕೊಲೆಗಾರ ಎಂದು ತಿಳಿದಾಗ ಓದುಗ ಬೆಚ್ಚುತ್ತಾನೆ" ಎಂದು ಬರೆಯುತ್ತಾರೆ. ಬೆಚ್ಚುವುದು ಲೇಖಕ ಮಾತ್ರ. ಬಿಡುಗಡೆ ಕಾರ್ಯಕ್ರಮದಲ್ಲೂ ಅಷ್ಟೇ, ಕೃತಿ ಪರಿಚಯ ಮಾಡುವವರಿಗೆ ಮೊದಲ ಐದು ಅಧ್ಯಾಯ ಮಾತ್ರ ಕೊಡಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಬಂದವರಿಗೆಲ್ಲ ಗೌರವ ಪ್ರತಿ ಹಂಚಬೇಡಿ. 150ರಲ್ಲಿ 60 ಅಲ್ಲೇ ಹೋಗುತ್ತದೆ, ಮತ್ತೆ ಕೊಳ್ಳುವವರೂ ಅವರೇ ಆಗಿದ್ದರು. ಮುಖಪುಟಕ್ಕೆ ಗೂಗಲ್‌ನಲ್ಲಿ ಸಿಕ್ಕ ಫೋಟೋ ಹಾಕಬೇಡಿ, ಅದಕ್ಕೂ ಒಬ್ಬ ಮಾಲೀಕ ಇರುತ್ತಾನೆ.

ಸರಕಾರಿ ಕೆಲಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕನ್ನಡ ಪುಸ್ತಕ ಪ್ರಾಧಿಕಾರಕ್ಕೆ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ಇದೆ. ವಯಸ್ಸಿನ ಮಿತಿ ಇದೆ, ಅರ್ಜಿ ಕರೆದಾಗ ಹಸ್ತಪ್ರತಿ ಕೊಡಬೇಕು. ಅಚ್ಚು ಹಾಕಿಸಿದ ಮೇಲೆ ನೆನಪಾದರೆ ಉಪಯೋಗ ಇಲ್ಲ. ಪ್ರಕಟಿಸಿದ ಮೇಲೆ ಪ್ರಕಾಶಕರು ನೀವೇ, ಹಾಗಾಗಿ 1954ರ ಕಾಯ್ದೆಯಂತೆ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬೈ, ದೆಹಲಿಯ ಗೊತ್ತುಪಡಿಸಿದ ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಗ್ರಂಥಾಲಯ ಇಲಾಖೆಯ ಖರೀದಿಗೆ ಅರ್ಜಿ ಹಾಕಿ, ಆದರೆ ಆ ದುಡ್ಡನ್ನು ನೆಚ್ಚಿಕೊಂಡು ಸಾಲ ಮಾಡಬೇಡಿ.

ಇನ್ನು ಒಂದು ವಿಷಯ, ಬರೆಯಲೋ ಬೇಡವೋ ಎಂದು ಯೋಚಿಸಿದೆ. ನಿಮ್ಮ ಎರಡನೇ ಅಧ್ಯಾಯದಲ್ಲಿ ಒಬ್ಬ ಸೊಸೈಟಿ ಸೆಕ್ರೆಟರಿ ಬರುತ್ತಾರೆ. ಬಿಳೀ ಸ್ಕೂಟಿ, ಎಡಗೈಯಲ್ಲಿ ಎರಡು ಉಂಗುರ, ಮಾತಿಗೊಮ್ಮೆ "ನೋಡ್ವ" ಅನ್ನುವ ಅಭ್ಯಾಸ. ಇಷ್ಟು ಜೀವ ಇನ್ನೊಂದು ಪಾತ್ರಕ್ಕೂ ಇಲ್ಲ. ನೀವು ಕೆಲಸ ಮಾಡುವುದು ಸೊಸೈಟಿಯಲ್ಲಿ. ಆ ಉಂಗುರ ಯಾರ ಕೈಯಲ್ಲಿದೆ ಎಂದು ನಾನು ಕೇಳುವುದಿಲ್ಲ, ನಿಮ್ಮ ಆಫೀಸಿನವರು ಕೇಳುತ್ತಾರೆ. "ಪಾತ್ರಗಳೆಲ್ಲ ಕಾಲ್ಪನಿಕ" ಎಂದು ಎರಡನೇ ಪುಟದಲ್ಲಿ ಹಾಕಿದ ಮಾತ್ರಕ್ಕೆ ಮಾನಹಾನಿ ಕೇಸು ತಪ್ಪುವುದಿಲ್ಲ. ಓದಿದವರು ಇಂಥವರೇ ಎಂದು ಗುರುತಿಸುವಂತಿದ್ದರೆ ಸಾಕು. ಸ್ಕೂಟಿ ತೆಗೆಯಿರಿ, ಉಂಗುರ ತೆಗೆಯಿರಿ, ಸೊಸೈಟಿಯನ್ನೂ ತೆಗೆದು ಅವರನ್ನು ಬೇರೆ ಕೆಲಸಕ್ಕೆ ಹಾಕಿ.

ಅದೂ ಅಲ್ಲದೆ ನನಗೆ ಎರಡನೇ ಅಧ್ಯಾಯದಿಂದಲೇ ಅವರ ಮೇಲೆ ಅನುಮಾನ. ಹೌದೋ ಅಲ್ಲವೋ ಈಗ ಹೇಳಬೇಡಿ. ವರ್ಷ, ದೋಣಿ, ಕಷಾಯ ತಿದ್ದಿ ನಾಲ್ಕನೇ ಅಧ್ಯಾಯದಿಂದ ಕಳಿಸಿ. ಅಂಚಿನಲ್ಲಿ ಹೆಸರು ಬರೆಯುತ್ತಾ ಓದುತ್ತೇನೆ.